ಎಪಾಕ್ಸಿ ಕುಡಿದ ನೂಲಿನ ಬಣ್ಣಕ್ಕೆ ಯಾವ ಕ್ರಿಯಾಪದ? ಮಾಸು, ಕಂದು, ತಿಳಿಯಾಗು, ನೆನೆ

ಎಲ್ಲರಿಗೂ ನಮಸ್ಕಾರ. ಗಾಳದ ಕೋಲನ್ನು ತಾವೇ ಕಟ್ಟಿಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನೂಲಿನ ಬಣ್ಣ ಆರಿಸುವ ಅಧ್ಯಾಯ ಒಂದು ಕ್ರಿಯಾಪದಕ್ಕೆ ಬಂದು ನಿಂತುಬಿಟ್ಟಿದೆ. ಬಲ್ಲವರು ದಾರಿ ತೋರಿಸಬೇಕು.

ಈ ಕೆಲಸ ನೋಡದವರಿಗೆ ಎರಡು ಮಾತು. ಕೋಲಿನುದ್ದಕ್ಕೂ ಗಾಳದ ದಾರ ಹಾಯಲು ಉಂಗುರಗಳಿರುತ್ತವೆ. ಒಂದೊಂದಕ್ಕೂ ಒಂದೋ ಎರಡೋ ಚಪ್ಪಟೆ ಪಾದ. ಆ ಪಾದದ ಮೇಲೆ ತೆಳು ನೂಲನ್ನು ಎಳೆಗೆ ಎಳೆ ತಾಗುವಂತೆ ಬಿಗಿಯಾಗಿ ಸುತ್ತಿ, ಮೇಲೆ ಎಪಾಕ್ಸಿ (ಗಟ್ಟಿಯಾದ ಮೇಲೆ ಗಾಜಿನಂತೆ ಕಾಣುವ ಅಂಟುರಾಳ) ಸವರಿ, ಅದು ಒಂದು ಕಡೆ ಜೋತುಬೀಳದಂತೆ ಕೋಲನ್ನು ನಿಧಾನವಾಗಿ ತಿರುಗಿಸುತ್ತ ಗಟ್ಟಿಯಾಗಲು ಬಿಡುತ್ತಾರೆ. ಉಂಗುರ ನಿಲ್ಲುವುದು ಈ ಸುತ್ತಿನಿಂದ, ಕೋಲಿಗೆ ಚೆಂದ ಬರುವುದೂ ಇದರಿಂದಲೇ. ಏನೂ ಕಟ್ಟದ ಕೋಲಿಗೆ ‘ಬರಿಗೋಲು’ ಎಂದಿದ್ದೇನೆ. ಬರಿಗೈ, ಬರಿಗಾಲು ಇರುವಾಗ ಇದಕ್ಕೆ ಯಾರೂ ತಕರಾರು ಮಾಡಲಾರರು.

ತೊಡಕು ಇರುವುದು ಇಲ್ಲಿ. ಉಂಡೆಯಲ್ಲಿದ್ದಾಗ ಕಂಡ ಬಣ್ಣ ಎಪಾಕ್ಸಿ ಬಿದ್ದ ಮೇಲೆ ಉಳಿಯುವುದಿಲ್ಲ. ಸಾಮಾನ್ಯ ನೈಲಾನ್ ನೂಲಾದರೆ ಬಣ್ಣ ಗಾಢವಾಗುತ್ತದೆ, ಜೊತೆಗೆ ನೂಲು ಅರೆಪಾರದರ್ಶಕವಾಗಿ ಕೆಳಗಿನ ಬರಿಗೋಲಿನ ಬಣ್ಣ ಮೇಲೆ ಕಾಣತೊಡಗುತ್ತದೆ. ಬಿಳಿ ನೂಲಂತೂ ಹೆಚ್ಚುಕಡಿಮೆ ಮಾಯವಾಗುತ್ತದೆ. ಉಂಗುರದ ಪಾದ ಇರುವ ಕಡೆ ಲೋಹ, ಇಲ್ಲದ ಕಡೆ ಕೋಲು ಇಣುಕುವುದರಿಂದ ಒಂದೇ ಸುತ್ತು ಎರಡು ಬಣ್ಣದ್ದಾಗಿ ಕಾಣುವುದೂ ಉಂಟು. ಕಾರಣ ಸರಳ: ಒಣ ನೂಲಿನ ಎಳೆಗಳ ನಡುವೆ ಗಾಳಿ ಇರುತ್ತದೆ. ಗಾಳಿಯ ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1, ನೈಲಾನಿನದು ಸುಮಾರು 1.53, ಈ ಅಂತರದಿಂದ ಬೆಳಕು ಚದುರಿ ನೂಲು ತೆಳುವಾಗಿ, ಮಂಕಾಗಿ ಕಾಣುತ್ತದೆ. ಗಾಳಿಯ ಜಾಗಕ್ಕೆ ಎಪಾಕ್ಸಿ ಬಂತೆನ್ನಿ, ಅದರ ಸೂಚ್ಯಂಕವೂ 1.5ರ ಆಸುಪಾಸಿನದೇ, ಬೆಳಕು ಚದುರದೆ ಒಳಕ್ಕೆ ಹೋಗಿಬಿಡುತ್ತದೆ. ಹಳೆಯ ಬಿದಿರು ಕೋಲುಗಳಲ್ಲಿ ವಾರ್ನಿಷ್ ಕುಡಿದ ರೇಷ್ಮೆಗೂ ಆಗುತ್ತಿದ್ದದ್ದು ಇದೇ.

ಈ ಆಗುವಿಕೆಗೆ ಏನನ್ನೋಣ?

ಮೊದಲ ಕರಡಿನಲ್ಲಿ ‘ಬಣ್ಣ ಮಾಸುತ್ತದೆ’ ಎಂದಿತ್ತು. ಓದಿದ ಗೆಳೆಯರೊಬ್ಬರು ಕೂಡಲೇ ಕೇಳಿದರು, “ಹಾಗಾದರೆ ಒಂದು ಪಟ್ಟು ಕಡುಬಣ್ಣವನ್ನೇ ತೆಗೆದುಕೊಳ್ಳಬೇಕಲ್ಲವೇ?” ಪದ ಸರಿಯಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಕಪ್ಪು ಕಾರ್ಬನ್ ಕೋಲಿಗೆ ಕಡುನೀಲಿ ಸುತ್ತಿದರೆ ಕೊನೆಗೆ ನೀಲಿ ಇದೆಯೆಂದು ಬಿಸಿಲಿಗೆ ಹಿಡಿದು ತೋರಿಸಬೇಕಾಗುತ್ತದೆ. ಬೇಕಾದದ್ದು ಅದಕ್ಕಿಂತ ತೆಳುವಾದ ನೀಲಿ. ‘ಮಾಸು’ವುದು ಬಿಸಿಲಿಗೆ, ಬಳಕೆಗೆ, ಕೊಳೆಗೆ, ಹೊಳಪಿನ ಮಿಂಚುಬಣ್ಣದ (ಫ್ಲೂರಸೆಂಟ್) ನೂಲು ಬಿಸಿಲಲ್ಲಿ ಬೇಗ ಮಾಸುತ್ತದೆ ಎಂದು ಬೇರೆ ಕಡೆ ಬರೆಯಲೇಬೇಕಿದೆ. ಆ ಪದವನ್ನು ಅಲ್ಲಿಗೇ ಬಿಡೋಣ. ‘ಬಣ್ಣ ಬಿಡು’ ಕೂಡ ಆಗದು, ಇಲ್ಲಿ ಬಣ್ಣ ನೂಲು ಬಿಟ್ಟು ಎಲ್ಲೂ ಹೋಗುವುದಿಲ್ಲ.

‘ಕಂದು’ ಹತ್ತಿರದ್ದು. ಬಿಸಿಲಿಗೆ ಮುಖ ಕಂದಿತು ಎಂದಾಗ ಕಪ್ಪಿಡುವ ಅರ್ಥ ಇದ್ದೇ ಇದೆ. ಆದರೆ ಬಾಡಿದ, ಕಳೆಗುಂದಿದ ಛಾಯೆಯೂ ಅದಕ್ಕೆ ಅಂಟಿಕೊಂಡಿದೆ. ಇಲ್ಲಿ ನೂಲಿಗೆ ಕಳೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಸಾಲದ್ದಕ್ಕೆ ಕಂದು ಒಂದು ಬಣ್ಣದ ಹೆಸರೂ ಹೌದು; ‘ಕಂದು ನೂಲು ಕಂದುತ್ತದೆ’ ಎಂದು ಬರೆದು ಓದುಗರ ಎದುರು ನಿಲ್ಲುವ ಧೈರ್ಯ ನನಗಿಲ್ಲ.

ಅತಿ ಹೆಚ್ಚು ಕಾಡಿದ್ದು ‘ತಿಳಿಯಾಗು’. ಪಾರದರ್ಶಕತೆಗೆ ಕೊಳದ ನೀರಿನಿಂದ ಸಾರಿನವರೆಗೆ ಬಳಕೆಯಲ್ಲಿರುವ ಒಳ್ಳೆಯ ಮಾತು. ಆದರೆ ಬಣ್ಣದ ಪಕ್ಕಕ್ಕೆ ಬಂದ ಕೂಡಲೇ ‘ತಿಳಿ’ಗೆ ತೆಳು ಎಂಬ ಅರ್ಥ: ತಿಳಿನೀಲಿ, ತಿಳಿಹಸಿರು. ನೂಲು ಒಳಗೊಳಗೇ ಕಾಣುವಷ್ಟು ತಿಳಿಯಾಗುತ್ತ ಬಣ್ಣದಲ್ಲಿ ಕಡುವಾಗುತ್ತದಲ್ಲ, ಈ ಎರಡನ್ನೂ ಒಟ್ಟಿಗೆ ಹೇಳುವುದಕ್ಕೆ ಹೊರಟರೆ ‘ತಿಳಿ’ ಅಡ್ಡಗಾಲು ಹಾಕುತ್ತದೆ.

ಸದ್ಯಕ್ಕೆ ನನ್ನ ಒಲವು ‘ನೆನೆ’ಯ ಕಡೆಗೆ. ಉಂಡೆಯ ಮೇಲಿನದು ಒಣಬಣ್ಣ, ಎಪಾಕ್ಸಿ ಕುಡಿದ ಮೇಲಿನದು ನೆನೆಬಣ್ಣ. ‘ಒಣಬಣ್ಣ ನೋಡಿ ಆರಿಸಬೇಡಿ, ನೆನೆಬಣ್ಣ ನೋಡಿ’ ಎಂದರೆ ಸೂಚನೆ ಒಂದೇ ಸಾಲಿನಲ್ಲಿ ಮುಗಿಯಿತು. ಒಂದು ಆಕ್ಷೇಪ ನನಗೇ ಇದೆ. ನೆನೆದದ್ದು ಒಣಗಿ ಮೊದಲಿನಂತಾಗಬೇಕು, ಇದು ಆಗುವುದಿಲ್ಲ. ಇನ್ನೊಂದು, ಪದ ನೋಡಿ ಯಾರಾದರೂ ನೂಲನ್ನು ನೀರಿನಲ್ಲಿ ಅದ್ದಿ ಅದೇ ಕೊನೆಯ ಬಣ್ಣ ಎಂದುಕೊಂಡಾರು. ನೀರಿನ ಸೂಚ್ಯಂಕ 1.33 ಮಾತ್ರ, ಅದು ಅರ್ಧ ದಾರಿ ತೋರಿಸುತ್ತದೆ, ಅಷ್ಟೇ. ಅದೇ ಬಣ್ಣದ ಕೋಲಿನ ತುಂಡಿನ ಮೇಲೆ ನಾಲ್ಕು ಸುತ್ತು ಹಾಕಿ ಅದೇ ಎಪಾಕ್ಸಿ ಸವರಿ ನೋಡುವುದೇ ಸರಿಯಾದ ಕ್ರಮ.

ಈ ನೆನೆಯುವಿಕೆಯನ್ನು ತಡೆಯಲು ಎಪಾಕ್ಸಿಗೆ ಮುಂಚೆ ನೂಲಿಗೆ ಹಚ್ಚುವ ದ್ರವ ಒಂದಿದೆ, ಕಲರ್ ಪ್ರಿಸರ್ವರ್. ಅದು ಎಳೆಗಳ ಸಂದು ಮುಚ್ಚುತ್ತದೆ. ಎಲ್ಲಾದರೂ ಬಿಟ್ಟುಹೋದರೆ ಅಲ್ಲಿ ಮಾತ್ರ ಎಪಾಕ್ಸಿ ಇಳಿದು ಕಲೆಕಲೆ. ಇದಕ್ಕೆ ‘ಬಣ್ಣಗಾಪು’ ಎಂದಿದ್ದೇನೆ, ಕಿವಿಗೆ ಒಗ್ಗುತ್ತದೆಯೇ? ಬಣ್ಣಗಾಪು ಬೇಡದಂತೆ ಮೊದಲೇ ಸಂಸ್ಕರಿಸಿದ ನೂಲಿಗೆ ‘ಮುಚ್ಚುಬಣ್ಣದ ನೂಲು’. ಲೋಹದ ಹೊಳಪಿನ ಎಳೆಗೆ ಜರಿ ಎಂಬ ಸಿದ್ಧಪದ ಇದ್ದೇ ಇದೆ, ಅದರ ಬಣ್ಣ ಬದಲಾಗುವುದೂ ಇಲ್ಲ. ಸುತ್ತಿನ ಮುಖ್ಯ ಭಾಗ, ತುದಿಯ ಬೇರೆ ಬಣ್ಣದ ಕಿರುಪಟ್ಟಿ, ಇವಕ್ಕೆ ನೇಯ್ಗೆಯ ಒಡಲು-ಅಂಚು ಸಾಕು. ಅಂಚಿಗೆ ಜರಿ ಎಂದರೆ ಬಿಡಿಸಿ ಹೇಳಬೇಕಿಲ್ಲ.

ಉಳಿದದ್ದು ಆ ಒಂದು ಕ್ರಿಯಾಪದ. ಎಣ್ಣೆ ಬಿದ್ದ ಕಾಗದಕ್ಕೆ ಆಗುವುದೂ ಇದೇ: ಬಣ್ಣ ಕಡು, ಹಿಂದಿನ ಅಕ್ಷರ ಮುಂದಕ್ಕೆ. ಅದನ್ನು ನಿಮ್ಮ ಮನೆಮಾತಿನಲ್ಲಿ ಒಂದೇ ಪದದಲ್ಲಿ ಹೇಳುವುದುಂಟೇ? ಬಣ್ಣ ಹಾಕುವವರ, ನೇಯುವವರ, ಮರಕ್ಕೆ ವಾರ್ನಿಷ್ ಬಳಿಯುವವರ ಬಾಯಲ್ಲಿ ಕೇಳಿದ್ದಿದ್ದರೆ ಇನ್ನೂ ಒಳ್ಳೆಯದು. ಬಳಕೆಯ ಒಂದು ವಾಕ್ಯವನ್ನೂ ಜೊತೆಗೆ ಬರೆದು ತಿಳಿಸಿ.