ಬ್ಲ್ಯಾಕ್ ವೆಲ್ವೆಟ್ ಅಲೊಕೇಸಿಯಾ: ಎಲೆ ಹಳದಿ, ಬುಡ ಮೆತ್ತಗೆ

ಪ್ರಶ್ನೆ (ಮಡಿಕೇರಿ):
ಗಿಡ ಮನೆಯೊಳಗೇ ಇದೆ, ಕಿಟಕಿಯಿಂದ ಆರು ಅಡಿ ದೂರ. 8 ಇಂಚಿನ ಪ್ಲಾಸ್ಟಿಕ್ ಕುಂಡ. ತೋಟದ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಅರ್ಧಕ್ಕರ್ಧ. ಎರಡು ದಿನಕ್ಕೊಮ್ಮೆ ಒಂದು ಲೋಟ ನೀರು. ಮಳೆ ಹಿಡಿದ ಮೇಲೆ ಮೂರು ಎಲೆ ಒಟ್ಟಿಗೇ ಹಳದಿಯಾಗಿವೆ, ದಂಟಿನ ಬುಡ ಮೆತ್ತಗಿದೆ, ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ. ಕೆಸದ ಜಾತಿ ತಾನೆ, ನೀರು ಹೆಚ್ಚಾದರೂ ತಡೆಯಬೇಕಲ್ಲ?

ಉತ್ತರ 1 (ಸೋಮವಾರಪೇಟೆ):
ಕೆಸದ ಕುಟುಂಬವೇ, ಆದರೆ ಗದ್ದೆ ಬದಿಯ ಕೆಸದ ಸ್ವಭಾವ ಇದಕ್ಕಿಲ್ಲ. ಬೋರ್ನಿಯೊದ ಸುಣ್ಣಕಲ್ಲಿನ ಬಂಡೆಗಳಲ್ಲಿ ಬೆಳೆಯುವ ಗಿಡ. ಬೇರಿಗೆ ತೇವದಷ್ಟೇ ಗಾಳಿಯೂ ಬೇಕು. ಹಳೆಯ ಎಲೆ ಒಂದು ಹಳದಿಯಾಗಿ ಉದುರಿದರೆ ಚಿಂತೆಯಿಲ್ಲ. ಮೂರು ಒಟ್ಟಿಗೇ ಹೋದರೆ, ಬುಡವೂ ಮೆತ್ತಗಾದರೆ, ಅದು ಬೇರು ಕೊಳೆತದ್ದೇ.

ಇವತ್ತೇ ಕುಂಡದಿಂದ ತೆಗೆಯಿರಿ. ಮಣ್ಣು ತೊಳೆದು, ಕಂದು ಬಣ್ಣಕ್ಕೆ ತಿರುಗಿ ಜಾರುವ ಬೇರನ್ನೆಲ್ಲ ಸ್ಪಿರಿಟ್ ಒರೆಸಿದ ಬ್ಲೇಡಿನಿಂದ ಕತ್ತರಿಸಿ. ಗೆಡ್ಡೆಯಲ್ಲಿ ಮೆತ್ತನೆ ಭಾಗವಿದ್ದರೆ ಗಟ್ಟಿ ಬಿಳಿ ತಿರುಳು ಕಾಣುವವರೆಗೆ ಕೆತ್ತಿ. ಗಾಯ ಒಣಗಲು ಒಂದು ದಿನ ನೆರಳಲ್ಲಿಡಿ. ಮತ್ತೆ ನೆಡುವಾಗ ತೆಂಗಿನ ಸಿಪ್ಪೆಯ ಚೂರು 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಹರಳು) 2, ಇದ್ದಿಲ ಚೂರು 1, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 1. ಸಿಪ್ಪೆ, ಕೊಕೊಪೀಟ್ ಎರಡನ್ನೂ ಎರಡು ಸಲ ನೆನೆಸಿ ಹಿಂಡಿ, ಉಪ್ಪು ಹೋಗಲಿ. ಕುಂಡ 4 ಇಂಚು ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒಣಗುವುದೇ ಇಲ್ಲ, ಅಲ್ಲಿಂದಲೇ ಕೊಳೆ ಶುರು. ಆ ನೊಣದ ಮರಿಗಳೂ ಸದಾ ಒದ್ದೆಯಿರುವ ಮಣ್ಣಲ್ಲೇ ಬೆಳೆಯುವುದು.

ಉತ್ತರ 2 (ವಿರಾಜಪೇಟೆ):
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ: ನೀರಿಗೆ ದಿನ ಲೆಕ್ಕ ಹಿಡಿಯಬೇಡಿ. ಜೋರು ಮಳೆಯ ಕಕ್ಕಡದ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕುಂಡ ಒಣಗುತ್ತದೆಯೇ? ಬೆರಳು ಎರಡು ಇಂಚು ಒಳಗೆ ಹೋದಾಗ ಒಣ ಅನಿಸಬೇಕು, ಎತ್ತಿದರೆ ಕುಂಡ ಹಗುರಾಗಿರಬೇಕು. ಆಗ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ.

ಆರು ಅಡಿ ದೂರ ಹೆಚ್ಚಾಯಿತು. ಮಳೆಗಾಲದಲ್ಲಿ ಕಿಟಕಿಯಿಂದ ಒಂದೆರಡು ಅಡಿಯೊಳಗೆ ಇರಲಿ. ಬೆಳಕು ಕಡಿಮೆಯಾದರೆ ಗಿಡ ನೀರು ಎಳೆಯುವುದೂ ಕಡಿಮೆ. ಬೇಸಿಗೆಯಲ್ಲಿ ನೇರ ಬಿಸಿಲು ಬೀಳದಂತೆ ಪರದೆ ಬಿಡಿ. ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲುತ್ತದೆ, ಎಲೆಯೂ ಉದುರಬಹುದು. ಗೆಡ್ಡೆ ಗಟ್ಟಿಯಿದ್ದರೆ ಎಸೆಯಬೇಡಿ. ಕಿಟಕಿ ಗಾಜಿಗೆ ಎಲೆ ತಾಗದಂತೆ ಇಟ್ಟು ನೀರು ತೀರಾ ಕಡಿಮೆ ಮಾಡಿ, ಗೊಬ್ಬರ ಬೇಡ. ಹೊಸ ಎಲೆ ಬರತೊಡಗಿದ ಮೇಲೆ ನೀರಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ.

ಪ್ರಶ್ನೆ ಕೇಳಿದವರು:
ಕರಿಮೆಣಸಿನ ಕೊಳೆಗೆ ಮಾಡಿದ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ನೀರು) ಉಳಿದಿದೆ. ಅದನ್ನೇ ಇದಕ್ಕೂ ಹಾಕಲೇ?

ಉತ್ತರ 3 (ಗೋಣಿಕೊಪ್ಪ):
ಬೇಡ. ಬೋರ್ಡೋ ಮಾಡಿದ ದಿನವೇ ಮುಗಿಸುವಂಥದ್ದು, ಉಳಿದದ್ದಕ್ಕೆ ಗುಣವಿಲ್ಲ. ಈ ಮಖಮಲ್ ಎಲೆಯ ಮೇಲೆ ಬಿದ್ದರೆ ನೀಲಿ ಕಲೆ ಕೂತುಬಿಡುತ್ತದೆ. ಕೊಳೆತ ಬೇರಿಗೆ ಔಷಧಿ ನೀರು ಸುರಿಯುವುದೆಂದರೆ ಮತ್ತಷ್ಟು ತೇವ ಅಷ್ಟೆ. ಕತ್ತರಿಸಿ ಒಣಗಿಸುವುದೇ ಮದ್ದು.

ಎಲೆಗೆ ಬೇವಿನೆಣ್ಣೆಯೂ ಬೇಡ, ಹೊಳಪಿನ ಕಲೆಯಾಗುತ್ತದೆ. ಧೂಳಿಗೆ ಒಣ ಬ್ರಷ್. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಎಲೆಯಡಿ ಸಣ್ಣ ಜೇಡನುಸಿ ಬಂದರೆ ಒದ್ದೆ ಬಟ್ಟೆಯಿಂದ ಒರೆಸಿ, ಐದು ದಿನ ಬಿಟ್ಟು ಮತ್ತೆ ಒರೆಸಿ.

ಮಣ್ಣು ತೊಳೆಯುವಾಗ ಕಡಲೆ ಗಾತ್ರದ ಕಂದು ಮರಿಗೆಡ್ಡೆ ಸಿಕ್ಕರೆ ಬಿಸಾಡಬೇಡಿ. ಸಿಪ್ಪೆ ಸುಲಿದು, ತೇವದ ಪರ್ಲೈಟಿನಲ್ಲಿ ಚೂಪು ತುದಿ ಮೇಲಾಗಿ ಅರ್ಧ ಹುಗಿದು ಡಬ್ಬಿ ಮುಚ್ಚಿಡಿ. ತಾಯಿಗಿಡ ಉಳಿಯದಿದ್ದರೂ ಅದರಿಂದ ಹೊಸ ಗಿಡ ಬರುತ್ತದೆ. ಕೈಗೆ ಗ್ಲೌಸ್ ಇರಲಿ. ಕೆಸದಂತೆ ಇದರ ರಸವೂ ತುರಿಸುತ್ತದೆ, ನಾಯಿ, ಬೆಕ್ಕು, ಮಕ್ಕಳ ಬಾಯಿಗೆ ಸಿಗದಂತೆ ಇಡಿ.