ಅಪ್‌ಡೇಟ್: ಟ್ಯೂಬಿನಲ್ಲಿ ಕಳಿಸಿದ ಚಿತ್ತಾರ ಚೆನ್ನಾಗಿ ತಲುಪಿತು

ಸಾಗರದಿಂದ ಪುಣೆಗೆ ಹಸೆ ಚಿತ್ತಾರ (ನಮ್ಮ ಮಲೆನಾಡಿನ ಜನಪದ ಚಿತ್ರ) ಕಳಿಸಿದರೆ ರಟ್ಟಿನ ಟ್ಯೂಬ್ ಜಜ್ಜಿ ಹೋಗುತ್ತದೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆನಲ್ಲ, ಈ ಸಲದ್ದು ಒಂದು ಮಡಿಕೆಯೂ ಬೀಳದೆ ತಲುಪಿದೆ. ಕೈಹಿಡಿದದ್ದು ಫ್ಲೆಕ್ಸ್ ಬ್ಯಾನರ್ ಅಂಗಡಿಯಲ್ಲಿ ಟ್ಯೂಬ್ ಕೇಳಿ ಅನ್ನುವ ಸಲಹೆ. ಫ್ಲೆಕ್ಸ್ ಸುತ್ತಿ ಬರುವ ಖಾಲಿ ಟ್ಯೂಬ್ ಎಷ್ಟು ಒತ್ತಿದರೂ ಜಗ್ಗುವುದಿಲ್ಲ. ಗರಗಸದಲ್ಲಿ ಕೊಯ್ದು, ಚಿತ್ರಕ್ಕೆ ಬಟರ್ ಪೇಪರ್ ಸುತ್ತಿ, ಎರಡೂ ತುದಿಗೆ ಕಾಗದದ ಉಂಡೆ ತುರುಕಿ, ಮುಚ್ಚಳದ ಮೇಲೆ ಅಡ್ಡಡ್ಡ ಟೇಪ್ ಹಾಕಿದೆ. ಪಿವಿಸಿ ಪೈಪ್ ಗಟ್ಟಿಯೇ, ಆದರೆ ತೂಕ ಜಾಸ್ತಿ. ತೆಳು ಟ್ಯೂಬಿಗೆ ಬಬಲ್ ರ‍್ಯಾಪ್ ಸುತ್ತಿದ್ದು ಮಧ್ಯದಲ್ಲೇ ಬಾಗಿತು.

ಆಶ್ಚರ್ಯ ಆಗಿದ್ದು ಕೊರಿಯರ್ ಲೆಕ್ಕ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ; ಬಂದದ್ದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅಷ್ಟು ಕೆ.ಜಿ.ಗೇ ದುಡ್ಡು ಹಿಡಿಯುತ್ತಾರೆ. 100 ಸೆಂ.ಮೀ. ಉದ್ದ, ಅಗಲ-ಎತ್ತರ ಎರಡೂ 10 ಸೆಂ.ಮೀ. ಇರುವ ಹಗುರ ಟ್ಯೂಬಿಗೂ 2 ಕೆ.ಜಿ. ದುಡ್ಡು! ಚಿತ್ರಕ್ಕಿಂತ ನಾಲ್ಕು ಬೆರಳು ಉದ್ದ ಇದ್ದರೆ ಸಾಕು, ಉಳಿದದ್ದನ್ನು ಕೊಯ್ದುಬಿಡಿ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.