ಅನ್ನ, ಮುದ್ದೆ ತಿನ್ನುವ ಮನೆಯಲ್ಲಿ ಗ್ಲುಟೆನ್ ಬರುವುದು ಎಲ್ಲಿಂದ?

ಕಾವೇರಿತೀರ (ಮೈಸೂರು)

12 ವರ್ಷದ ಹುಡುಗಿಗೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ) ಇರುವುದು ರಕ್ತ ಪರೀಕ್ಷೆಯಲ್ಲೂ ಎಂಡೋಸ್ಕೋಪಿ ಬಯಾಪ್ಸಿಯಲ್ಲೂ ಖಚಿತವಾಗಿದೆ. ಚಪಾತಿ, ಬ್ರೆಡ್ಡು, ಬಿಸ್ಕತ್ತು, ಉಪ್ಪಿಟ್ಟು, ಶಾವಿಗೆ ಎಲ್ಲ ನಿಲ್ಲಿಸಿ 5 ತಿಂಗಳಾಯಿತು. ಬೆಳಿಗ್ಗೆ ಇಡ್ಲಿ ಅಥವಾ ದೋಸೆ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮುದ್ದೆ. ಆದರೂ ಹೊಟ್ಟೆ ಉಬ್ಬರ ಹೋಗಿಲ್ಲ, ಟಿಟಿಜಿ (ಸೀಲಿಯಾಕ್ ಗುರುತಿಸುವ ರಕ್ತ ಪರೀಕ್ಷೆಯ ಅಂಕಿ) ಇಳಿದಿರುವುದು ತೀರಾ ಸ್ವಲ್ಪ. ಉಳಿದ ಮೂವರು ಗೋಧಿ ತಿನ್ನುತ್ತಾರೆ. ರಾಗಿ, ಅಕ್ಕಿ ಬೀಸಿಸುವುದು ಬಡಾವಣೆಯ ಮಿಲ್ಲಿನಲ್ಲಿ. ಸಾರಿನ ಪುಡಿ ಮನೆಯದೇ. ಊಟದಲ್ಲಿ ಗೋಧಿಯೇ ಇಲ್ಲದಿರುವಾಗ ತಪ್ಪುತ್ತಿರುವುದು ಎಲ್ಲಿ? ಮುಂದಿನ ತಿಂಗಳು ಮನೆಯಲ್ಲೊಂದು ಮದುವೆಯೂ ಇದೆ.

ಒಗ್ಗರಣೆಡಬ್ಬಿ

ಮೊದಲು ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ. ಇಂಗಿನ ಅಂಟಿಗೆ ಗೋಂದು, ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಕೆಲವು ಕಂಪನಿಗಳು ಅಕ್ಕಿ ಹಿಟ್ಟು ಹಾಕುತ್ತವೆ. ಗಟ್ಟಿ ಇಂಗಾದರೆ ಶುದ್ಧ ಅಂದುಕೊಳ್ಳಬೇಡಿ, ಅದರಲ್ಲೂ ಬಹಳಷ್ಟು ಮೈದಾದಲ್ಲೇ ಕಲಸಿದ್ದು. ಸಾರಿನ ಪುಡಿ ಮನೆಯದೇ ಅಂದಿರಿ, ಅದಕ್ಕೆ ಹಾಕಿದ ಇಂಗು ಯಾವುದು? ಅಲ್ಲೇ ತಪ್ಪಿದ್ದರೆ ಸಾರು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ ಎಲ್ಲದರಲ್ಲೂ ದಿನಾ ಚೂರುಚೂರು ಹೋಗುತ್ತಿದೆ. ಹಳೇ ಪುಡಿಯನ್ನು ಗೋಧಿ ತಿನ್ನುವವರಿಗೆ ಬಿಟ್ಟು, ಅಕ್ಕಿ ಹಿಟ್ಟಿನ ಇಂಗು ಹಾಕಿ ಹೊಸದು ಕುಟ್ಟಿ. ಅದು ಸಿಗದಿದ್ದರೆ ಇಂಗೇ ಬೇಡ, ಬೆಳ್ಳುಳ್ಳಿ ಒಗ್ಗರಣೆ ಸಾಕು.

ಚೂರು ಅಂದರೆ ಎಷ್ಟು ಅನ್ನುವುದಕ್ಕೆ ಲೆಕ್ಕ ಇದೆ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಹೆಚ್ಚುಕಡಿಮೆ 3 ಗ್ರಾಂ ಗ್ಲುಟೆನ್. ಸೀಲಿಯಾಕ್ ಇರುವವರ ಕರುಳಿಗೆ ದಿನಕ್ಕೆ 50 ಮಿಲಿಗ್ರಾಂ ಹೋಗುತ್ತಿದ್ದರೂ ಹಾನಿ ಆಗುತ್ತದೆ. ಅಂದರೆ ಚಪಾತಿಯ ಅರುವತ್ತರಲ್ಲಿ ಒಂದು ಪಾಲು, ಉಗುರಿನಷ್ಟು. ಪ್ಯಾಕೆಟ್ಟಿನ ಮೇಲೆ ಗ್ಲುಟೆನ್ ಮುಕ್ತ ಅಂತ ಬರೆಯಬೇಕಾದರೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಪ್ರಕಾರ ಕೆ.ಜಿ.ಗೆ 20 ಮಿಲಿಗ್ರಾಂ ಮೀರಬಾರದು, ಅದೂ ಇದೇ ಕಾರಣಕ್ಕೆ.

ಆಮೇಲೆ ಜರಡಿ. ಒಂದೇ ಜರಡಿಯಲ್ಲಿ ಗೋಧಿ ಹಿಟ್ಟನ್ನೂ ರಾಗಿ ಹಿಟ್ಟನ್ನೂ ಸೋಸುತ್ತಿದ್ದರೆ ಬೇರೆ ಯಾವ ಜಾಗ್ರತೆಯೂ ಪ್ರಯೋಜನಕ್ಕಿಲ್ಲ. ಆ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಿಟ್ಟು ತೊಳೆದರೆ ಹೋಗದು. ಬೇರೆಯದೇ ಬೇಕಾದವು: ಜರಡಿ, ಲಟ್ಟಣಿಗೆ ಮಣೆ, ಮುದ್ದೆ ಕೋಲು, ಮರದ ಸೌಟು, ಮೊರ, ಕಾವಲಿ, ಕರಿಯುವ ಎಣ್ಣೆ. ಸ್ಟೀಲ್ ಪಾತ್ರೆ, ಕುಕ್ಕರ್, ಗ್ರೈಂಡರ್ ಕಲ್ಲಿಗೆ ಸೋಪು ನೀರು ಹಾಕಿ ಚೆನ್ನಾಗಿ ಉಜ್ಜಿದರೆ ಸಾಕು. ಬೆಣ್ಣೆ, ತುಪ್ಪ, ಜಾಮ್ ಅವಳಿಗೆ ಪ್ರತ್ಯೇಕ ಇಡಿ, ಚಪಾತಿಗೆ ಸವರಿದ ಚಮಚ ಮತ್ತೆ ಅದೇ ಡಬ್ಬಿಗೆ ಇಳಿಯುತ್ತದೆ. ಅವಳ ಡಬ್ಬಿಗಳು ಮೇಲಿನ ಅಟ್ಟದಲ್ಲಿರಲಿ, ಕೆಳಗಿದ್ದರೆ ಗೋಧಿ ಹಿಟ್ಟು ಉದುರುತ್ತದೆ. ಅಡುಗೆಯಲ್ಲೂ ಅವಳದ್ದು ಮೊದಲು, ಚಪಾತಿ ಹಿಟ್ಟು ಕಲಸುವುದು ಕೊನೆಗೆ.

ರಾಗಿಕಣ (ಮಂಡ್ಯ)

ಅಕ್ಕ, ಇಂಗಿನಷ್ಟೇ ಅನುಮಾನ ಮಿಲ್ಲಿನ ಮೇಲೂ ಇರಲಿ. ಗೋಧಿ ಬೀಸಿದ ಮೇಲೆ ಕಲ್ಲಿನ ಸುತ್ತ, ಹಿಟ್ಟು ಬೀಳುವ ಬಾಯಿಯಲ್ಲಿ, ಅದಕ್ಕೆ ಕಟ್ಟಿದ ಬಟ್ಟೆ ಚೀಲದಲ್ಲಿ ಹಿಟ್ಟು ಉಳಿದೇ ಉಳಿಯುತ್ತೆ. ಹಿಂದಿನವರ 50 ಗ್ರಾಂ ಗೋಧಿ ಹಿಟ್ಟು ನಿಮ್ಮ 5 ಕೆ.ಜಿ. ರಾಗಿಗೆ ಸೇರಿತು ಅನ್ನಿ. ಅದರಲ್ಲಿ ಸುಮಾರು 5 ಗ್ರಾಂ ಗ್ಲುಟೆನ್, ಅಂದ್ರೆ ಕೆ.ಜಿ.ಗೆ 1000 ಮಿಲಿಗ್ರಾಂ. ಮಿತಿ 20 ಅಂತ ಮೇಲೆ ಹೇಳಿದ್ದಾರಲ್ಲ, ಅದರ ಐವತ್ತು ಪಟ್ಟು. ಕಣ್ಣಿಗೂ ಕಾಣಲ್ಲ, ರುಚಿಗೂ ಗೊತ್ತಾಗಲ್ಲ. ಮೊದಲು ಒಂದೆರಡು ಕೆ.ಜಿ. ಅಕ್ಕಿ ಹಾಕಿಸಿ ಆ ಹಿಟ್ಟು ಬಿಟ್ಟುಬಿಡಿ ಅಂತ ಕೆಲವರು ಹೇಳ್ತಾರೆ. ಕಮ್ಮಿ ಆಗುತ್ತೆ, ಪೂರಾ ಹೋಗಲ್ಲ. ಸೀಲಿಯಾಕ್ ಇರೋರಿಗೆ ಅದು ಸಾಲದು.

ಮನೆಗೇ ಒಂದು ಸಣ್ಣ ಗಿರಣಿ ತಂದು, ಅದರಲ್ಲಿ ಗೋಧಿ ಯಾವತ್ತೂ ಹಾಕದೇ ಇರೋದೇ ಸರಿ. ಸೆಕೆಂಡ್ ಹ್ಯಾಂಡ್ ಗಿರಣಿ ಬೇಡ, ಅದರ ಹೊಟ್ಟೆ ತುಂಬಾ ಗೋಧಿ. ಅಷ್ಟು ಖರ್ಚು ಈಗಲೇ ಆಗದಿದ್ರೆ ಅಕ್ಕಿ ಹಿಟ್ಟು ಮಿಕ್ಸಿಯಲ್ಲೇ ಮಾಡ್ಕೊಬಹುದು. ಅಕ್ಕಿ ತೊಳೆದು 2 ಗಂಟೆ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆ ಮೇಲೆ ಹರಡಿ, ಕೈಗೆ ತೇವ ಅಂಟದ ಹದಕ್ಕೆ ಬಂದಾಗ ಪುಡಿ ಮಾಡಿ ಜರಡಿ ಹಿಡೀರಿ. ರಾಗಿಗೆ ಮಿಕ್ಸಿ ಒಗ್ಗಲ್ಲ, ಜಾರ್ ಬಿಸಿಯಾಗುತ್ತೆ, ಹಿಟ್ಟು ತರಿ ಆಗುತ್ತೆ, ಮುದ್ದೆ ಒಡೆಯುತ್ತೆ.

ರಾಗಿಯನ್ನ ತೆರೆದ ಮೂಟೆಯಿಂದ ತೂಗಿಸ್ಕೊಬೇಡಿ. ಸಂತೇಪೇಟೆ ಆಗ್ಲಿ ಮಂಡ್ಯದ ಪೇಟೆ ಆಗ್ಲಿ, ಗೋಧಿ ಮೂಟೆಗೆ ಹಾಕಿದ ಮೊಗೆಯೇ ರಾಗಿ ಮೂಟೆಗೂ ಹೋಗುತ್ತೆ. ಬಾಯಿ ಹೊಲಿದ ಚೀಲ ತಗೊಳ್ಳಿ, ಇಲ್ಲಾ ನೇರ ಕಣದಿಂದ ತರಿಸಿ. ಗೋಧಿ ಕಾಳು ರಾಗಿಗಿಂತ ತುಂಬಾ ದಪ್ಪ, ರಾಗಿ ಜರಡಿಗೆ ಹಾಕಿದ್ರೆ ಮೇಲೇ ನಿಲ್ಲುತ್ತೆ, ಆರಿಸೋದು ಸುಲಭ. ಆಮೇಲೆ ಮೂರು ನೀರಲ್ಲಿ ತೊಳೆದು ಗರಿಗರಿ ಒಣಗಿಸಿ ಬೀಸಿ. ನಾಟಿ ರಾಗಿಯೇ ಬೇಕು ಅಂತ ಹುಡುಕ್ಬೇಡಿ, ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಇಂಡಾಫ್ ತಳಿ ಆದ್ರೂ ಅಷ್ಟೇ, ಗ್ಲುಟೆನ್ ಯಾವ ರಾಗಿಯಲ್ಲೂ ಇಲ್ಲ.

ಅಂಗಡಿಯ ರಾಗಿ ಪದಾರ್ಥ ಮಾತ್ರ ನಂಬಬೇಡಿ. ರಾಗಿ ಬಿಸ್ಕತ್ತಲ್ಲಿ ರಾಗಿಗಿಂತ ಮೈದಾನೇ ಜಾಸ್ತಿ ಇರಬಹುದು, ರಾಗಿ ಶಾವಿಗೆಗೆ ಅಂಟಿರಲಿ ಅಂತ ಗೋಧಿ ಸೇರಿಸಿರ್ತಾರೆ, ಪದಾರ್ಥಗಳ ಪಟ್ಟಿಯಲ್ಲಿ ಬರೀ ಮಾಲ್ಟ್ ಅಂತ ಬರೆದಿದ್ರೆ ಅದು ಬಹುತೇಕ ಬಾರ್ಲಿಯದು, ಅದರಲ್ಲೂ ಗ್ಲುಟೆನ್ ಇದೆ.

ಚಾಮುಂಡಿಬೆಟ್ಟ

ಖಪ್ಲಿ ಗೋಧಿ ಕೊಟ್ಟು ನೋಡಿ ಮೇಡಂ. ಹಳೇ ತಳಿ, ಗ್ಲುಟೆನ್ ಇಲ್ಲ, ಚಪಾತಿಯೂ ಮೆತ್ತಗೆ ಬರುತ್ತೆ.

ಒಗ್ಗರಣೆಡಬ್ಬಿ

ದಯವಿಟ್ಟು ಕೊಡಬೇಡಿ. ಖಪ್ಲಿಯೂ ಗೋಧಿಯೇ, ಗ್ಲುಟೆನ್ ಇದೆ. ಬನ್ಸಿ ರವೆ, ಚಿರೋಟಿ ರವೆ, ಗೋಧಿ ನುಚ್ಚು ಎಲ್ಲ ಅದೇ ಜಾತಿ. ಸಕ್ಕರೆ ಕಾಯಿಲೆಯವರ ವಿಷಯ ಬೇರೆ, ಇಲ್ಲಿ ಮಾತಾಡುತ್ತಿರುವುದು ಸೀಲಿಯಾಕ್ ಬಗ್ಗೆ. ಓಟ್ಸ್ ಕೂಡ ಸದ್ಯಕ್ಕೆ ದೂರವೇ ಇರಲಿ. ಮಾಮೂಲಿ ಓಟ್ಸ್ ಗೋಧಿಯ ಜೊತೆ ಬೆರೆತೇ ಬರುತ್ತದೆ, ಗ್ಲುಟೆನ್ ಮುಕ್ತ ಗುರುತು ಇರುವುದೂ ಕೆಲವರಿಗೆ ಆಗುವುದಿಲ್ಲ.

ಕಾವೇರಿತೀರ (ಮೈಸೂರು)

ಇಂಗಿನ ಡಬ್ಬಿ ನೋಡಿದೆ, ಗೋಧಿ ಹಿಟ್ಟು ಅಂತಲೇ ಇದೆ. ಜರಡಿಯೂ ಒಂದೇ. ಎರಡನ್ನೂ ಇವತ್ತೇ ಬದಲಾಯಿಸುತ್ತೇವೆ. ಶಾಲೆ ಡಬ್ಬಿಗೆ ಚಪಾತಿಯಂಥದ್ದು ಬೇಕು ಅಂತ ಅವಳ ಹಟ. ಅಕ್ಕಿ ರೊಟ್ಟಿ ಮಧ್ಯಾಹ್ನಕ್ಕೆ ಹಪ್ಪಳದ ಹಾಗೆ ಆಗುತ್ತದೆ. ಮದುವೆಯದೂ ಹೇಳಿ.

ರಾಗಿಕಣ (ಮಂಡ್ಯ)

ಗೋಧಿಯಲ್ಲಿ ಹಿಟ್ಟನ್ನ ಎಳೆಯುವ ಹಾಗೆ ಮಾಡೋದು ಗ್ಲುಟೆನ್ನೇ. ಅದಿಲ್ಲದಾಗ ಬೇರೆ ಅಂಟು ಬೇಕು, ಅದಕ್ಕೆ ಇಸಬಗೋಲು ಸಾಕು, ಔಷಧಿ ಅಂಗಡಿಯಲ್ಲೇ ಸಿಗುತ್ತೆ. ಬಣ್ಣ, ಹಣ್ಣಿನ ರುಚಿ ಸೇರಿಸಿದ್ದು ಬೇಡ, ಬರೀ ಹೊಟ್ಟು ಕೇಳಿ. ಜೋಳದ ಹಿಟ್ಟು 50 ಗ್ರಾಂ, ಅಕ್ಕಿ ಹಿಟ್ಟು 30, ಸಬ್ಬಕ್ಕಿ ಹಿಟ್ಟು 20, ಇಸಬಗೋಲು 5. ಇಸಬಗೋಲನ್ನ ಮೊದಲು ಕಾಲು ಲೋಟ ನೀರಲ್ಲಿ 10 ನಿಮಿಷ ನೆನೆಹಾಕಿ, ಲೋಳೆ ಆಗಬೇಕು. ಹಿಟ್ಟಿಗೆ ಉಪ್ಪು, ಒಂದು ಚಮಚ ಎಣ್ಣೆ, ಕುದಿಯುವ ನೀರು ಸ್ವಲ್ಪಸ್ವಲ್ಪವೇ ಹಾಕಿ ಸೌಟಲ್ಲಿ ಕಲಸಿ, 10 ನಿಮಿಷ ಮುಚ್ಚಿಟ್ಟು, ಬಿಸಿ ಇರುವಾಗಲೇ ಲೋಳೆ ಸೇರಿಸಿ ನಾದಿ. ಆರಿದ ಮೇಲೆ ನಾದಿದ್ರೆ ಅಂಚು ಬಿರಿಯುತ್ತೆ. ನೀರು ತಣ್ಣಗಿದ್ರೂ ಅದೇ ಗತಿ, ಪಿಷ್ಟ ಬೇಯದೆ ಅಂಟೇ ಬರಲ್ಲ. ಬೇಯಿಸಿದ ತಕ್ಷಣ ಒಂದರ ಮೇಲೊಂದು ಇಟ್ಟು ಬಟ್ಟೆಯಲ್ಲಿ ಸುತ್ತಿ, ಆವಿ ಒಳಗೇ ಉಳಿದ್ರೆ ಮಧ್ಯಾಹ್ನದವರೆಗೂ ಮಡಚಬಹುದು.

ಪಂಕ್ತಿ

ಹೋಟೆಲ್ ಮತ್ತು ಮದುವೆ ಎರಡೂ ಹೇಳುತ್ತೇನೆ. ಮಸಾಲೆ ದೋಸೆ ಅಕ್ಕಿ ಉದ್ದಿನದ್ದೇ ಆದರೂ ಕೆಲವು ಕಡೆ ಗರಿಗರಿ ಬರಲೆಂದು ಹಿಟ್ಟಿಗೆ ಚಿರೋಟಿ ರವೆ ಅಥವಾ ಮೈದಾ ಸೇರಿಸುತ್ತಾರೆ. ಸೇರಿಸದಿದ್ದರೂ ರವೆ ದೋಸೆ ಹುಯ್ದ ಕಲ್ಲನ್ನು ಅದೇ ಪೊರಕೆಯಲ್ಲಿ ಗುಡಿಸಿ ಮುಂದಿನದು ಹುಯ್ಯುವುದು. ಹಾಗಾಗಿ ಹೊರಗೆ ದೋಸೆ ಬೇಡ. ಇಡ್ಲಿ ಪರವಾಗಿಲ್ಲ, ರವೆ ಇಡ್ಲಿ ಅಲ್ಲವೆಂದು ಕೇಳಿ ಖಚಿತ ಮಾಡಿಕೊಳ್ಳಿ. ಸಾಂಬಾರಿನಲ್ಲಿ ಮತ್ತೆ ಅದೇ ಇಂಗು, ಚಟ್ನಿ ಮನೆಯಿಂದಲೇ ಹೋಗಲಿ. ಮದ್ದೂರು ವಡೆಯನ್ನು ಅಕ್ಕಿ ಹಿಟ್ಟಿನದು ಅಂದುಕೊಂಡು ತಿನ್ನುವವರು ಬಹಳ. ಅದರಲ್ಲಿ ಮೈದಾವೂ ಚಿರೋಟಿ ರವೆಯೂ ಇರುತ್ತವೆ. ನಿಪ್ಪಟ್ಟು, ಕೋಡುಬಳೆಯೂ ಹಾಗೇ. ಗೋಬಿ ಮಂಚೂರಿಯಲ್ಲಿ ಮೈದಾ ಮಾತ್ರವಲ್ಲ, ಸೋಯಾ ಸಾಸ್‌ನಲ್ಲೂ ಗೋಧಿ. ಮೈಸೂರು ಪಾಕಿಗೆ ಕಡಲೆ ಹಿಟ್ಟು, ತುಪ್ಪ, ಸಕ್ಕರೆ ಮೂರೇ, ಆದರೆ ಆ ಕಡಲೆ ಹಿಟ್ಟು ಯಾವ ಮಿಲ್ಲಿನದು ಅನ್ನುವುದೇ ಪ್ರಶ್ನೆ. ಮನೆಯ ಗಿರಣಿಯಲ್ಲಿ ಕಡಲೆಬೇಳೆ ಬೀಸಿಕೊಂಡು ನೀವೇ ಮಾಡುವುದು ಲೇಸು.

ಮದುವೆ ನಿಮ್ಮ ಮನೆಯದೇ ಆದ್ದರಿಂದ ಅಡುಗೆಯವರಿಗೆ ಮುಂಚೆಯೇ ಹೇಳಿ: ಇಂಗಿನ ಒಗ್ಗರಣೆ ಬೀಳುವ ಮುಂಚೆ ತೊವ್ವೆ, ಪಲ್ಯ, ಕೋಸಂಬರಿ ಒಂದೊಂದು ಡಬ್ಬಿ ಎತ್ತಿಡಬೇಕು. ಅಲರ್ಜಿ ಅಂದರೆ ತಲೆಯಾಡಿಸಿ ಮರೆಯುತ್ತಾರೆ. ‘ಮೈದಾ, ರವೆ, ಗೋಧಿ, ಇಂಗು ಮುಟ್ಟಿದ ಸೌಟು ಇದಕ್ಕೆ ತಾಗಬಾರದು’ ಅಂತ ನಾಲ್ಕು ಹೆಸರು ಹೇಳಿದರೆ ನಾಟುತ್ತದೆ. ಹಪ್ಪಳ ಸಂಡಿಗೆ ಬೇಡ, ಪೂರಿ ಬೋಂಡಾ ಕರಿದ ಎಣ್ಣೆ ಅದು. ಎಲೆ ತುದಿಯಲ್ಲಿ ಹೋಳಿಗೆ ಬಡಿಸಿದ ಮೇಲೆ ‘ತೆಗೆದಿಟ್ಟು ತಿನ್ನು’ ಅನ್ನುವವರು ಇರುತ್ತಾರೆ, ಆಗ ಎಲೆಯನ್ನೇ ಬದಲಾಯಿಸಿ. ಪೂಜೆಯ ಸಜ್ಜಿಗೆ ಪ್ರಸಾದದ ಬದಲು ಬಾಳೆಹಣ್ಣು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಪಥ್ಯ

ಟಿಟಿಜಿ ನಿಧಾನವಾಗಿ ಇಳಿಯುವುದು ಸಹಜ, ಮಾಮೂಲಿಗೆ ಬರಲು ವರ್ಷ ಮೀರುವುದೂ ಉಂಟು. ಆದರೆ ತೀರಾ ಸ್ವಲ್ಪ ಇಳಿದಿದ್ದು, ಹೊಟ್ಟೆ ಉಬ್ಬರವೂ ಇದೆ ಅಂದರೆ ಮೇಲಿನವರು ಹೇಳಿದ ಸೋರಿಕೆಯೇ ಮೊದಲ ಅನುಮಾನ. ಮುಂದಿನ ಪರೀಕ್ಷೆ ಹಿಂದಿನ ಲ್ಯಾಬಿನಲ್ಲೇ ಮಾಡಿಸಿ, ಲ್ಯಾಬು ಬದಲಾದರೆ ಅಂಕಿಗಳನ್ನು ಹೋಲಿಸಲಾಗದು. ಇನ್ನೊಂದು ಸಾಧ್ಯತೆ ಹಾಲು. ಕರುಳಿನ ಒಳಪದರ ಕೆಟ್ಟಿರುವಾಗ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಪದರ ಚಿಗುರಿದ ಮೇಲೆ ಸರಿಹೋಗುತ್ತದೆ. ಡಾಕ್ಟರನ್ನು ಕೇಳಿ ಕೆಲವು ವಾರ ಹಾಲು ಕಡಿಮೆ ಮಾಡಿ ಮೊಸರು ಮಜ್ಜಿಗೆ ಕೊಟ್ಟು ನೋಡಬಹುದು.

ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹ), ಬಿ12, ಫೋಲೇಟ್, ವಿಟಮಿನ್ ಡಿ ನೋಡಿಸದಿದ್ದರೆ ಈಗಲೇ ನೋಡಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೆಳೆಯುವ ಹುಡುಗಿಗೆ ಮುದ್ದೆ ಬಿಡಿಸಬೇಡಿ. ಕಬ್ಬಿಣಾಂಶಕ್ಕೆ ಮಾತ್ರ ರಾಗಿಯನ್ನೇ ನೆಚ್ಚಿಕೊಳ್ಳಬೇಡಿ, ಅದರಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಮೊಳಕೆ ಬರಿಸಿದ ರಾಗಿ, ಸೊಪ್ಪಿನ ಸಾರಿಗೆ ಕೊನೆಯಲ್ಲಿ ಹಿಂಡಿದ ನಿಂಬೆ ನೆರವಾಗುತ್ತವೆ. ಊಟದ ಬೆನ್ನಿಗೇ ಕಾಫಿ ಟೀ ಬೇಡ. ಚಪಾತಿ ಹೋದ ಜಾಗಕ್ಕೆ ಬರೀ ಬಿಳಿ ಅನ್ನ ಬಂದರೆ ಮಲಬದ್ಧತೆ ಖಂಡಿತ. ಹುರುಳಿ, ಅವರೆ, ಹೆಸರುಕಾಳು ದಿನಕ್ಕೊಂದು ಹೊತ್ತಾದರೂ ಇರಲಿ.

ಇನ್ನೊಂದು. ಅಪ್ಪ, ಅಮ್ಮ, ಒಡಹುಟ್ಟಿದವರಿಗೂ ಸೀಲಿಯಾಕ್ ಇರುವ ಸಂಭವ ಬೇರೆಯವರಿಗಿಂತ ಹೆಚ್ಚು, ಲಕ್ಷಣ ಏನೂ ಕಾಣದೆಯೂ ಇರಬಹುದು. ಎಲ್ಲರಿಗೂ ಟಿಟಿಜಿ-ಐಜಿಎ, ಜೊತೆಗೆ ಒಟ್ಟು ಐಜಿಎ (ರಕ್ತದಲ್ಲಿನ ಒಂದು ಬಗೆಯ ಪ್ರತಿಕಾಯ) ಮಾಡಿಸಿ. ಐಜಿಎಯೇ ಕಡಿಮೆ ಇರುವವರಿಗೆ ಮೊದಲನೆಯದು ಸುಳ್ಳು ಸಮಾಧಾನ ಕೊಡುತ್ತದೆ. ಅಡುಗೆ ಸುಲಭ ಆಗಲೆಂದು ಇಡೀ ಮನೆಗೇ ಗೋಧಿ ಬಿಡಿಸುವ ಯೋಚನೆ ಇದ್ದರೆ ರಕ್ತ ಕೊಡುವವರೆಗೆ ತಡೆಯಿರಿ, ಗೋಧಿ ಬಿಟ್ಟವರ ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು. ಅಲ್ಲಿಯವರೆಗೆ ಅವರು ಮೂವರೂ ಚಪಾತಿ ತಿನ್ನುತ್ತಲೇ ಇರಲಿ, ಬೇರೆ ಕಾವಲಿಯಲ್ಲಿ.